ಕೈಗೆ ಕೊಟ್ಟ ಉಪ್ಪು

ನನಗೆ ಸಿಟ್ಟು ಬಂದಿದೆ. ಉಪ್ಪಿನ ಪರವಾಗಿ. ನಗಬೇಡಿ. ಅಡುಗೆಮನೆಯಲ್ಲಿ ಇಂಗಿಗೊಂದು ಗತ್ತಿದೆ, ಸಾಸಿವೆಗೆ ಸಿಡಿಯುವ ಸ್ವಾತಂತ್ರ್ಯವಿದೆ, ಕರಿಬೇವನ್ನು ತಟ್ಟೆಯಂಚಿಗೆ ತಳ್ಳುವವರೂ ಅದರ ಘಮವನ್ನು ಹೊಗಳುತ್ತಾರೆ. ಉಪ್ಪಿನ ನೆನಪಾಗುವುದು ಮಾತ್ರ ಕಡಿಮೆಯಾದಾಗ, ಇಲ್ಲವೇ ಜಾಸ್ತಿಯಾದಾಗ. ‘ಇವತ್ತು ಉಪ್ಪು ಬಹಳ ಚೆನ್ನಾಗಿದೆ’ ಎಂದು ಯಾರಾದರೂ ಅಂದದ್ದನ್ನು ಕೇಳಿದ್ದೀರಾ? ಸಾಲದ್ದಕ್ಕೆ ಮನೆಮನೆಯ ಜಗಳವನ್ನೂ ಅದರ ತಲೆಗೇ ಕಟ್ಟಿದ್ದಾರೆ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದಂತೆ. ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೈಗೇ ಕೊಟ್ಟರೆ ಜಗಳ ಗ್ಯಾರಂಟಿ.

ಹಾಗೆ ಕೊಟ್ಟ ಮಹಾಪರಾಧಿ ನಾನೇ.

ಮಧುಗಿರಿಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ, ಬಿಸಿಲು ಬಲಿತ ಮೇಲೆ, ಸಾರಿನ ಪುಡಿಯ ಕೆಲಸ. ಅದಕ್ಕೆಂದೇ ಅಪ್ಪನ ಅಕ್ಕ, ನನ್ನ ಸೋದರತ್ತೆ, ಪಾವಗಡದಿಂದ ಹುಣಿಸೆಹಣ್ಣಿನ ಗಂಟು ಹೊತ್ತು ಬರುತ್ತಾರೆ. ಅಮ್ಮ ಧನಿಯ ಹುರಿದರೆ ಅತ್ತೆ ಮೆಣಸಿನಕಾಯಿ ಹುರಿಯುತ್ತಾರೆ. ಇಬ್ಬರೂ ಸೀನುತ್ತಾ, ಒಬ್ಬರ ಹದದಲ್ಲಿ ಇನ್ನೊಬ್ಬರು ತಪ್ಪು ಹಿಡಿಯುತ್ತಾ, ಎರಡೂ ಮನೆಗೆ ವರ್ಷಕ್ಕಾಗುವಷ್ಟು ಪುಡಿ ಮಾಡಿಕೊಳ್ಳುತ್ತಾರೆ.

ಹೋದ ವರ್ಷ ಪುಡಿ ಮುಗಿಸಿ ಊಟಕ್ಕೆ ಕೂತಾಗ ಸಾರು ಸಪ್ಪೆಯಾಗಿತ್ತು. ಅತ್ತೆ ಕೈ ಚಾಚಿದರು. ನಾನು ಚಿಟಿಕೆ ಉಪ್ಪನ್ನು ಆ ಅಂಗೈಗೇ ಹಾಕಿದೆ.

“ಅಯ್ಯೋ, ಕೈಗೇ ಕೊಟ್ಬುಟ್ಟಲ್ಲೋ!” ಅಮ್ಮ ಕೂಗಿದಳು.

ಗಾಬರಿ ತಿಳಿಯಾಗಲೆಂದು ನಾನು ನನ್ನ ವಿದ್ಯೆ ತೋರಿಸಿದೆ. ಕಂಡವರನ್ನೆಲ್ಲ ಅಣಕಿಸುವುದು ನನಗೆ ಬಾಲ್ಯದ ಚಟ. ಕೊರಟಗೆರೆ ಬಸ್ಸಿನ ಕಂಡಕ್ಟರನ ಸಿಳ್ಳೆಯಿಂದ ಹಿಡಿದು ಪೂಜೆಗೆ ಬರುವ ಅಯ್ಯನವರ ಕೆಮ್ಮಿನವರೆಗೆ ಯಾವುದನ್ನೂ ಬಿಟ್ಟವನಲ್ಲ. ನನ್ನ ನಡಿಗೆಯನ್ನು ನಾನೇ ಅಣಕಿಸಿದರಂತೂ ಬಾತುಕೋಳಿಗೆ ಅವಮಾನವಾಗುತ್ತದೆ. ಆವತ್ತು ಅಣಕಕ್ಕೆ ಅತ್ತೆಯನ್ನು ಹಿಡಿದುಕೊಂಡೆ. ಸೊಂಟಕ್ಕೆ ಕೈಯಿಟ್ಟು, “ಏಮನ್ಕೊಂಡೆ ನಮ್ ಚಿಂತಪಂಡು ಅಂದ್ರೆ! ಒಂದ್ ಎಸಳು ಹಾಕು, ಊರಿಗೆಲ್ಲಾ ಸಾರು ಕಣಪ್ಪೋ!” ಎಂದೆ. ಪಾವಗಡಕ್ಕೆ ಹೋಗಿ ಮೂವತ್ತು ವರ್ಷವಾದ ಅತ್ತೆಯ ಬಾಯಲ್ಲಿ ಹುಣಿಸೆಹಣ್ಣು ಯಾವಾಗಲೋ ತೆಲುಗಿನ ಚಿಂತಪಂಡು ಆಗಿಹೋಗಿದೆ.

ಅಮ್ಮ ನಕ್ಕಳು. ಮಜ್ಜಿಗೆ ನೆತ್ತಿಗೇರುವಷ್ಟು ನಕ್ಕಳು. ಅತ್ತೆ ನಗಲಿಲ್ಲ.

“ನಾನೂ ಇದೇ ಮನೇಲಿ ಹುಟ್ಟಿದೋಳು ಕಣಮ್ಮ,” ಎಂದವರೇ ಕೈ ತೊಳೆದು ಮಧ್ಯಾಹ್ನದ ಬಸ್ಸು ಹತ್ತಿದರು. ಅವರ ಪಾಲಿನ ಪುಡಿ ಡಬ್ಬಿಯಲ್ಲೇ ಉಳಿಯಿತು.

ಆಮೇಲೆ ಶುರುವಾಯಿತು ನೋಡಿ ಅನ್ಯಾಯ. “ಎಲ್ಲಾ ಆ ಉಪ್ಪಿಂದ ಕಣ್ಲಾ” ಎಂದಳು ಅಮ್ಮ. ಅಪ್ಪನೂ ಅದನ್ನೇ ಅಂದರು. ಪಾವಗಡದಿಂದ ಮಾವ ಫೋನು ಮಾಡಿ ಅದೇ ತೀರ್ಪು ಕೊಟ್ಟರು. ನನಗೆ ಮೈ ಉರಿಯಿತು. ಒಂದು ಚಿಟಿಕೆಗೆ ಅಷ್ಟು ಶಕ್ತಿಯಿದ್ದರೆ ಸಮುದ್ರದಲ್ಲಿ ಈಜಲು ಇಳಿದವರೆಲ್ಲ ಹೊಡೆದಾಡಿಕೊಂಡೇ ದಡ ಸೇರಬೇಕಿತ್ತು. ಬಾಳೆಲೆಯ ತುದಿಗೆ ಮೊದಲು ಬಡಿಸುವುದು ಇದನ್ನೇ. ಋಣದ ಮಾತು ಬಂದಾಗ ಸಾಕ್ಷಿಗೆ ಕರೆಯುವುದೂ ಇದನ್ನೇ. ಯಾರೂ ‘ನಿಮ್ಮ ಮನೆಯ ಜೀರಿಗೆ ತಿಂದಿದ್ದೇನೆ’ ಎಂದು ಕಣ್ಣೀರು ಹಾಕುವುದಿಲ್ಲ. ಅಂಥ ಮರ್ಯಾದಸ್ಥನ ಮೇಲೆ ಈ ಆಪಾದನೆ!

ಶಿರಾದಲ್ಲಿ ದಿನಸಿ ಅಂಗಡಿ ಇಟ್ಟಿರುವ ಗೆಳೆಯ ಬಾಬುಜಾನನ ಮುಂದೆ ಈ ವಾದವನ್ನೆಲ್ಲ ಸುರಿದೆ.

“ಅರೆ ಭಾಯ್, ದಿನಾ ನೂರು ಜನಕ್ಕೆ ಉಪ್ಪು ಕೊಡ್ತೀನಿ. ಹಂಗಾದ್ರೆ ಊರೆಲ್ಲಾ ಕಿತ್ತಾಡ್ಬೇಕಾಗಿತ್ತು,” ಎಂದ.

“ಅದನ್ನೇ ನಾನು ಹೇಳಿದ್ದು!”

“ಕಿತ್ತಾಡ್ತಾನೇ ಅವ್ರಲ್ಲಪ್ಪಾ,” ಎಂದು ನಕ್ಕು, ನಾನು ಕೇಳಿದ ಉಪ್ಪಿನ ಪೊಟ್ಟಣವನ್ನು ನನ್ನ ಚಾಚಿದ ಕೈ ತಪ್ಪಿಸಿ ತಕ್ಕಡಿಯ ಪಕ್ಕ ಇಟ್ಟ.

ಹೀಗೇ ವರ್ಷ ತಿರುಗಿತು. ಮತ್ತೆ ಬಿಸಿಲು ಬಲಿಯಿತು. ಅಮ್ಮ ಒಬ್ಬಳೇ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ, ಹುರಿಯುವುದನ್ನು ದಿನ ದಿನವೂ ನಾಳೆಗೆ ತಳ್ಳುತ್ತಿದ್ದಳು. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ತಲೆಯೆತ್ತುತ್ತಿದ್ದಳು. ಅತ್ತೆಗೆ ತವರು ಇನ್ನು ಉಳಿಯುತ್ತದೋ ಇಲ್ಲವೋ ಎಂಬುದು ಇನ್ನೂ ಒಲೆಗೇರದ ಆ ಬಾಣಲೆಯಲ್ಲಿತ್ತು. ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಉಪ್ಪಿನ ಪರ ಊರೂರಲ್ಲಿ ವಾದಿಸಿದ ನಾನು ‘ತಪ್ಪು ನನ್ನ ನಾಲಗೆಯದು, ಅತ್ತೆ’ ಎಂದು ಒಂದು ಫೋನು ಮಾಡಿರಲಿಲ್ಲ. ಅವತ್ತು ನಕ್ಕ ಅಮ್ಮನೂ ಮಾಡಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆಯೇ ಬಂದರು. ಹುಣಿಸೆಹಣ್ಣಿನ ಗಂಟು ಇಳಿಸಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

“ಲೇ, ಆ ಉಪ್ಪಿನ ಡಬ್ಬಿ ತಗೊಂಬಾ.”

ಹಿಡಿದುಕೊಂಡು ಹೋದೆ.

“ಕೈಗಲ್ಲ ಕಣ್ಲಾ! ಕೆಳಗಿಡು!”

ಇಟ್ಟೆ. ಅವರೇ ಬಗ್ಗಿ ಎತ್ತಿಕೊಂಡು, ಸಾರಿಗೊಂದು ಚಮಚ ಹಾಕಿದರು.

“ಅವತ್ತೂ ಇಂಗೇ ಇಟ್ಟಿದ್ರೆ ಏನೂ ಆಗ್ತಿರ್ಲಿಲ್ಲ ಅತ್ತಿಗೆ,” ಎಂದಳು ಅಮ್ಮ.

“ಊಂ ಕಣಮ್ಮ. ಎಲ್ಲಾ ಆ ಉಪ್ಪಿಂದೇ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ವರ್ಷವಿಡೀ ಮಸೆದಿಟ್ಟ ವಾದಗಳೆಲ್ಲ ನಾಲಗೆಯ ತುದಿಯಲ್ಲಿದ್ದವು. “ಹೌದು, ಉಪ್ಪಿಂದೇ,” ಎಂದೆ. ಅತ್ತೆ ಸೆರಗು ಸಿಕ್ಕಿಸಿ ಮೆಣಸಿನಕಾಯಿಯ ಮೊರ ಎಳೆದುಕೊಂಡರು.

ಅಮ್ಮ ಸಾರಿಗೆ ಅದಾಗಲೇ ಉಪ್ಪು ಹಾಕಿದ್ದಳೆಂದು ಊಟಕ್ಕೆ ಕೂತಾಗ ಗೊತ್ತಾಯಿತು. ಅಮ್ಮ, ಅತ್ತೆ ಇಬ್ಬರೂ ಅದನ್ನೇ ಸುರಿದುಕೊಂಡು ಉಂಡರು. ನಾನಂತೂ ಎರಡನೇ ಸಲ ಬಡಿಸಿಕೊಂಡೆ.