ಮೇಸ್ತ್ರಿ ಬರೆಸಿದ ಕಾಗದ

ಮೇಸ್ತ್ರಿಯ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ತಗ್ಗಾಗಿತ್ತು. ಗಾಲ್ಫ್ ಆಡುವವರ ಚೀಲವನ್ನು ನಲವತ್ತು ವರ್ಷ ಆ ಒಂದೇ ಭುಜದ ಮೇಲೆ ಹೊತ್ತಿದ್ದರು. ಪಟ್ಟಿ ಕೂರುವ ಜಾಗದಲ್ಲಿ ಅಂಗಿ ಬೇಗ ಸವೆಯುತ್ತಿತ್ತು. ಅವರ ಹೆಂಡತಿ ಒಳಗಿನಿಂದ ಅದೇ ಬಣ್ಣದ ತೇಪೆ ಹಾಕಿರುತ್ತಿದ್ದರು. ಹತ್ತಿರ ಬಂದು ನೋಡಿದರಷ್ಟೇ ತಿಳಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿವಾಜಿನಗರದ ಒಂದು ಸಣ್ಣ ಟ್ರಾವೆಲ್ ಆಫೀಸಿಗೆ ಕೆಲಸಕ್ಕೆ ಸೇರಿದ್ದೆ. ಅಪ್ಪ ವಿಮಾ ಕಚೇರಿಯ ನೌಕರ, ಮನೆ ಇಂದಿರಾನಗರದ ಸ್ಟಾಫ್ ಕಾಲೊನಿಯಲ್ಲಿ. ಗಾಲ್ಫ್ ಎಂದರೆ ನನ್ನ ಪಾಲಿಗೆ ಬಸ್ಸಿನ ಕಿಟಕಿಯಿಂದ ಕಂಡು ಮರೆಯಾಗುವ ಹಸಿರು, ಅಷ್ಟೆ. ಅಂಥ ನನ್ನ ಮೇಜಿಗೆ ನಾಲ್ವರು ನಿವೃತ್ತರ ಗಾಲ್ಫ್ ಪ್ರವಾಸದ ಕೆಲಸ ಬಂತು. ಸ್ಕಾಟ್ಲೆಂಡಿನ ಸಮುದ್ರದಂಡೆಯ ಮೂರು ಹಳೆಯ ಮೈದಾನ, ಆಮೇಲೆ ಇಂಗ್ಲೆಂಡಿನ ಒಳನಾಡಿನ ಎರಡು. ಅವರ ಮುಂದಾಳು ಒಬ್ಬ ಕರ್ನಲ್ ಸಾಹೇಬರು. ನಾನು ನಕಾಶೆ ಹರಡಿಕೊಂಡು ಐದು ದಿನಕ್ಕೆ ಐದು ಮೈದಾನ ಹೊಂದಿಸಿ ಕಳಿಸಿದೆ. ಮರುದಿನ ಆ ಹಾಳೆ ಹಿಡಿದು ಬಂದವರು ಮೇಸ್ತ್ರಿ.

"ಕರ್ನಲ್ ಸಾರ್ ಕಳಿಸಿದ್ರಮ್ಮ. ನಾನು ಅವರ ಕ್ಯಾಡಿ, ಚೀಲ ಹೊರೋನು. ಎಲ್ಲಾ ಮೇಸ್ತ್ರಿ ಅಂತಾರೆ. ನೀನೊಂದ್ಸಲ ನೋಡು ಅಂದ್ರು," ಎಂದು ಬಾಗಿಲಲ್ಲೇ ನಿಂತರು. ಕುರ್ಚಿ ತೋರಿಸಿದ ಮೇಲೆ ತುದಿಯಲ್ಲಿ ಕೂತರು. ನನ್ನಿಂದ ಹಾಳೆಯನ್ನು ಓದಿಸಿ ಕೇಳಿದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಸದಸ್ಯರು ಓದಿ ಬಿಟ್ಟ ಗಾಲ್ಫ್ ಪತ್ರಿಕೆಗಳನ್ನು ಹಲಸೂರಿನ ಮನೆಗೆ ಒಯ್ದು, ಮಗಳಿಂದ ಓದಿಸಿ ಕೇಳುತ್ತಿದ್ದರಂತೆ.

"ಇದು ತಿರುಪತಿ ಪ್ಯಾಕೇಜ್ ಆಯ್ತಲ್ಲಮ್ಮ," ಎಂದು ಮೆಲ್ಲಗೆ ನಕ್ಕರು. "ಈ ಮೊದಲನೇ ಊರು ಯಾವ ದಿನಕ್ಕೆ ಹಾಕಿದೀರ?"

"ಭಾನುವಾರ."

"ಭಾನುವಾರ ಅಲ್ಲಿ ಆಟ ಇಲ್ಲ. ಊರ ಜನ ನಾಯಿ ಹಿಡ್ಕೊಂಡು ಓಡಾಡಕ್ಕೆ ಬರ್ತಾರೆ."

ಫೋನ್ ಮಾಡಿ ವಿಚಾರಿಸಿದೆ. ಅವರು ಹೇಳಿದ್ದೇ ನಿಜ. ನಾಲ್ಕು ಜನ ಮುದುಕರು ಸಮುದ್ರ ದಾಟಿ ಹೋಗಿ, ಬಾಗಿಲು ಹಾಕಿದ ಮೈದಾನದ ಮುಂದೆ ನಿಲ್ಲಬೇಕಾಗುತ್ತಿತ್ತು. ನನ್ನ ಹೊಸ ಕೆಲಸದ ಬಾಗಿಲೂ ಅಂದೇ ಮುಚ್ಚುತ್ತಿತ್ತು. ನಮ್ಮ ಮ್ಯಾನೇಜರ್ ಬಂದು ಏನು ವಿಷಯ ಎಂದಾಗ ಮೇಸ್ತ್ರಿ, "ಒಂದು ದಿನ ತಪ್ಪಿತ್ತು ಅಂತ ಮೇಡಮ್ಮೇ ಹಿಡಿದ್ರು ಸಾರ್," ಎಂದುಬಿಟ್ಟರು. ನನಗೆ ಮುಖ ಎತ್ತಲಾಗಲಿಲ್ಲ.

ಆಮೇಲೆ ಎರಡು ವಾರ, ಕೆಲಸ ಮುಗಿದ ಮಧ್ಯಾಹ್ನಗಳಲ್ಲಿ ಬಂದು ಪಾಠ ಹೇಳಿದರು. ಮೇಜಿನ ಮೇಲೆ ಸಕ್ಕರೆ ಸುರಿದು, "ಸಮುದ್ರದ ಹತ್ತಿರ ನೆಲ ಹಿಂಗೆ, ಮರಳು. ಮರ ಇರಲ್ಲ, ಗಾಳಿ ತಡೆಯೋರಿಲ್ಲ. ಒಳಗಿನ ಊರಲ್ಲಿ ಮರ ಇರತ್ತೆ, ನೆರಳಿರತ್ತೆ. ಮೊದಲು ಕಷ್ಟದ್ದು ಮುಗಿಸ್ಲಿ, ಆಮೇಲೆ ನೆರಳಿಗೆ ಬರ್ಲಿ," ಎನ್ನುತ್ತಿದ್ದರು. ಒಂದು ಆಟ, ಒಂದು ದಿನ ವಿಶ್ರಾಂತಿ ಎಂಬ ಲೆಕ್ಕ ಹಾಕಿಸಿದವರು ಅವರೇ. "ಮೈದಾನ ಆಮೇಲೆ ನೋಡಿ ಅಮ್ಮ. ಮೊದಲು ಮನುಷ್ಯನ ಮಂಡಿ ನೋಡಿ." ನಾಲ್ವರಲ್ಲಿ ಯಾರಿಗೆ ಮಂಡಿನೋವು, ಯಾರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು.

ಕರ್ನಲ್ ಸಾಹೇಬರು ಮೇಸ್ತ್ರಿಯನ್ನೂ ಕರೆದೊಯ್ಯಬೇಕೆಂದು ಹಟ ಹಿಡಿದಿದ್ದರು. ಆದರೆ ಮೇಸ್ತ್ರಿ ಹುಟ್ಟಿದ ದಿನಕ್ಕೆ ಯಾವ ಕಾಗದವೂ ಇರಲಿಲ್ಲ. ಓಡಾಡಿ ಒಂದೊಂದೇ ದಾಖಲೆ ಮಾಡಿಸಿದೆವು. ಆದರೂ ಹೊರಡುವ ಹೊತ್ತಿಗೆ ಪಾಸ್‌ಪೋರ್ಟ್ ಕೈಸೇರಲಿಲ್ಲ. ಸುದ್ದಿ ಹೇಳಿದಾಗ ಮೇಸ್ತ್ರಿ ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಹಂಗಾದ್ರೆ ಒಂದು ಕಾಗದ ಬರ್ಕೊಡ್ತೀಯಾಮ್ಮ?" ಎಂದರು. ಅದುವರೆಗೆ 'ನೀವು' ಎನ್ನುತ್ತಿದ್ದವರು ಆ ದಿನದಿಂದ 'ನೀನು' ಎನ್ನತೊಡಗಿದರು.

ಕಾಗದ, ಅಲ್ಲಿ ಕರ್ನಲರ ಚೀಲ ಹೊರಲಿದ್ದ, ಹೆಸರೇ ಗೊತ್ತಿಲ್ಲದ ಕ್ಯಾಡಿಗೆ. ಅವರು ಹೇಳಿದರು, ನಾನು ಇಂಗ್ಲಿಷಿನಲ್ಲಿ ಬರೆದೆ.

"ಅಣ್ಣಾ, ನಮ್ಮ ಸಾಹೇಬರಿಗೆ ಹೋದ ವರ್ಷ ಎದೆನೋವು ಬಂದಿತ್ತು. ಡಾಕ್ಟರು ಆಡಬಹುದು, ಆದ್ರೆ ನಿಂತು ನಿಂತು ನಡೀಬೇಕು ಅಂದಿದಾರೆ. ಅವರು ಸುಸ್ತಾದ್ರೂ ಹೇಳಲ್ಲ. ಕನ್ನಡಕ ತೆಗೆದು ಒರೆಸ್ತಾರೆ, ಅಷ್ಟೆ. ಆಗ ನೀವು ಚೀಲ ಇಳಿಸಿ, ಚೆಂಡು ಕಾಣ್ತಿಲ್ಲ ಅಂತ ಹುಡುಕ್ತಾ ಇರಿ. ಅವರ ಉಸಿರು ಸರಿಹೋದ ಮೇಲೆ ಸಿಕ್ತು ಅನ್ನಿ. ಕೂತ್ಕೊಳ್ಳಿ ಅಂತ ಮಾತ್ರ ಹೇಳ್ಬೇಡಿ, ಕೋಪ ಬರತ್ತೆ."

ಅದನ್ನು ಟೈಪ್ ಮಾಡಿ ಐದು ಮೈದಾನಗಳಿಗೂ ಫ್ಯಾಕ್ಸ್ ಕಳಿಸಿದೆ. ಬೇರೆ ಯಾರಿಗೂ ಹೇಳಲಿಲ್ಲ.

ಅವರು ಊರಲ್ಲಿಲ್ಲದ ಹನ್ನೆರಡು ದಿನವೂ ಮೇಸ್ತ್ರಿ ಆಫೀಸಿಗೆ ಬಂದು, "ಫೋನ್ ಏನಾದ್ರೂ ಬಂತಾಮ್ಮ?" ಎಂದು ಕೇಳಿ ಹೋಗುತ್ತಿದ್ದರು. ಹದಿಮೂರನೆಯ ದಿನ ಕರ್ನಲರೇ ಬಂದರು, ಬಿಸಿಲಿಗೆ ಕೆಂಪಾದ ಮುಖದಲ್ಲಿ. ಮೇಸ್ತ್ರಿಯನ್ನು ಕಂಡು, "ಏನ್ ಆಟ ಕಣೋ. ಆದರೆ ಅಲ್ಲಿನ ಕ್ಯಾಡಿಗಳಿಗೆ ಕಣ್ಣೇ ಸರಿ ಇಲ್ಲ. ಹತ್ತು ಹೆಜ್ಜೆಗೊಂದು ಸಲ ಚೆಂಡು ಹುಡುಕ್ತಾ ನಿಂತ್ಬಿಡ್ತಾರೆ," ಎಂದರು.

"ಹೌದಾ ಸಾರ್," ಎಂದರು ಮೇಸ್ತ್ರಿ. ಅಷ್ಟೇ. ನಾನು ಫೈಲಿನೊಳಗೆ ಮುಖ ಹುದುಗಿಸಿದೆ.

ಎರಡು ಸಾವಿರದ ಇಸವಿಯ ನಂತರ ನಾನು ನನ್ನದೇ ಆಫೀಸು ತೆರೆದೆ. ಪೂಜೆಗೆ ಮೇಸ್ತ್ರಿ ರಸೆಲ್ ಮಾರುಕಟ್ಟೆಯಿಂದ ಒಂದು ಬುಟ್ಟಿ ಸೇವಂತಿಗೆ ತಂದಿದ್ದರು. ಪ್ರವಾಸಕ್ಕೆ ಬರುವ ಹಿರಿಯರನ್ನು ಇಂದಿಗೂ ನಾನು ಮೊದಲು ಕೇಳುವುದು, ಎಷ್ಟು ದೂರ ನಡೆಯಬಲ್ಲಿರಿ ಎಂದು. ಆ ಒಂದು ಪ್ರಶ್ನೆಯ ಮೇಲೆಯೇ ನನ್ನ ಕಸುಬು ನಿಂತಿದೆ.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ಮೇಸ್ತ್ರಿ ಮನೆಯಲ್ಲೇ ಕುಸಿದು ತೀರಿಕೊಂಡರು. ಹಲಸೂರಿನ ಆ ಓಣಿಗೆ ನಾನು ಹೋದಾಗ ಕರ್ನಲರು ಆಗಲೇ ಬಂದು, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ಸಮೀಪಿಸಿದ್ದರು. ಇನ್ನು ಮುಚ್ಚಿಡುವುದೇಕೆ ಅನಿಸಿ ಪಕ್ಕದಲ್ಲಿ ಕೂತು ಕಾಗದದ ವಿಷಯ ಹೇಳಿದೆ.

ಕರ್ನಲರು ನನ್ನ ಕಡೆ ತಿರುಗಿದರು.

"ಐದು ಊರಲ್ಲಿ ಐದು ಜನ ಕ್ಯಾಡಿಗಳಿಗೂ ಕಣ್ಣು ಕಾಣದೆ ಇರತ್ತೇನಮ್ಮ?" ಎಂದರು. "ಎರಡನೇ ಊರಲ್ಲೇ ಗೊತ್ತಾಯ್ತು, ಇದು ಇವನ ಕೆಲಸ ಅಂತ. ನನಗೆ ಗೊತ್ತು ಅಂದಿದ್ರೆ ಅವನು ನಾಚ್ಕೊಂಡುಬಿಡ್ತಿದ್ದ. ಅದಕ್ಕೇ ಕಣ್ಣು ಸರಿ ಇಲ್ಲ ಅಂತ ಅವರನ್ನೇ ಬೈದೆ."

ಒಳಗಿನಿಂದ ಮೇಸ್ತ್ರಿಯ ಮಗಳು ಕರೆದಳು. ಕರ್ನಲರು ಎದ್ದರು. ನಾಲ್ಕು ಹೆಜ್ಜೆ ಇಟ್ಟು ಅಂಗಳದ ನಡುವೆ ನಿಂತು, ಕನ್ನಡಕ ತೆಗೆದು, ತುಂಬ ಹೊತ್ತು ಒರೆಸುತ್ತಲೇ ಇದ್ದರು. ನಾನು ಹತ್ತಿರ ಹೋಗಿ ನಿಂತೆ. ಕೂತುಕೊಳ್ಳಿ ಎನ್ನಲಿಲ್ಲ.