ಪಂಪಿನ ಗೋಡೆ

"ಗೋಡೆ ಕಚ್ಚುತ್ತೆ" ಎಂದು ಲೂರ್ದಿತಾ ಹೇಳಿದಾಗ ತೇರ್ಯೋ ಅನ್ನದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಲ್ಲಿದಾವಾ ಅದಕ್ಕೆ?"

"ನಗ್ಬೇಡ. ಬಟ್ಟೆ ಹರವೋ ತಂತಿ ಮುಟ್ಟಿದ್ರೆ ಕೈ ಜುಂ ಅನ್ನುತ್ತೆ. ಈ ಮಳೆ ಹಿಡಿದಾಗಿಂದ ಹೀಗೇ."

"ವಯಸ್ಸಾಯ್ತಲ್ಲ ದಾಯ್, ಜುಂ ಅನ್ನದೆ ಇನ್ನೇನು?" ಹೆಂಡತಿಯನ್ನು ಅವನು ದಾಯ್ ಎಂದೇ ಕರೆಯುತ್ತಿದ್ದ.

ಬೊಹೋಲ್ ದ್ವೀಪದ ಆ ಕಡಲಂಚಿನಲ್ಲಿ ಅವರ ಬಿದಿರಿನ ಮನೆಯನ್ನು ಬಿರುಗಾಳಿ ಹೊತ್ತೊಯ್ದಿತ್ತು. ಆಮೇಲೆ ಗಂಡಹೆಂಡಿರೇ ಸೇರಿ ಸಿಮೆಂಟ್ ಬ್ಲಾಕಿನ ಮನೆ ಎಬ್ಬಿಸಿದ್ದರು. ಅವಳು ಗಾರೆ ಕಲೆಸಿದಳು, ಅವನು ಕಟ್ಟಿದ. ಮುಂದೆಂದಾದರೂ ಇನ್ನೊಂದು ಕೋಣೆ ಎಳೆಯಬಹುದೆಂದು ಹಿಂಗೋಡೆಯಲ್ಲಿ ಕಬ್ಬಿಣದ ಸರಳುಗಳನ್ನು ಚಾಚಿಯೇ ಬಿಟ್ಟಿದ್ದರು. ಬಟ್ಟೆಯ ತಂತಿ ಕಟ್ಟಿದ್ದು ಅವಕ್ಕೇ. ಹಿತ್ತಿಲ ಪಂಪಿಗೆ ಕರೆಂಟು ಬೇಕಾದಾಗಲೂ ತೇರ್ಯೋ ಯಾರನ್ನೂ ಕರೆಯಲಿಲ್ಲ. ಜೀಪ್ನಿ ಗಾಡಿಗಳ ವೈರಿಂಗ್ ಬಲ್ಲವನಿಗೆ ಮನೆಯದೇನು ಮಹಾ ಎಂದು ಗೋಡೆ ಕೊರೆದು ಕೇಬಲ್ ತೂರಿಸಿದ. ಕೇಬಲ್ ಗಿಡ್ಡವಾಯಿತು. ಇನ್ನೊಂದು ತುಂಡು ಸೇರಿಸಿ, ಟೇಪು ಸುತ್ತಿ, ಆ ಗಂಟನ್ನು ಬ್ಲಾಕಿನ ಪೊಳ್ಳಿನೊಳಗೆ ತಳ್ಳಿ ಗಾರೆ ಮೆತ್ತಿದ.

ಆ ಮಾತಾದ ಮಾರನೆಯ ಬೆಳಿಗ್ಗೆ ಮಳೆ ತುಸು ಬಿಡುವು ಕೊಟ್ಟಾಗ ಲೂರ್ದಿತಾ ಮೇಕೆಯನ್ನು ಸರಪಳಿಯಿಂದ ತಂತಿ ಕಟ್ಟಿರದ ಒಂದು ಸರಳಿಗೆ ಕಟ್ಟಿ ಸೊಪ್ಪು ತರಲು ಹೋದಳು. ಹಿಂದಿರುಗಿದಾಗ ಮೇಕೆ ಕಾಲು ಸೆಟೆದು ಬಿದ್ದಿತ್ತು. ಕೂಗಿಗೆ ಓಡಿಬಂದ ತೇರ್ಯೋ, ಏನೋ ವಿಷದ ಎಲೆ ತಿಂದಿರಬೇಕೆಂದುಕೊಂಡು ಸರಪಳಿಗೆ ಕೈ ಚಾಚಿದ.

ಹಿಂದಿನಿಂದ ಅವನ ಅಂಗಿ ಚರ್‍ರನೆ ಹರಿಯಿತು. ಲೂರ್ದಿತಾ ಅವನನ್ನು ಎಳೆದು ಕೆಸರಿಗೆ ಕೆಡವಿ, ಒಳಗೆ ಓಡಿ ಮೇನ್ ಸ್ವಿಚ್ ಆರಿಸಿದ್ದಳು.

ಪಕ್ಕದ ಮನೆಯ ಸಿಲ್ವೆಸ್ತ್ರೆ ಟೆಸ್ಟರ್ ತಂದ. ಅವರಿಗಿಂತ ಹಿರಿಯನಾದ್ದರಿಂದ ಅವರಿಗೆ ಅವನು ನೊಂಗ್, ಅಣ್ಣ. ಬಾಯಿ ಸುಮ್ಮನಿರದ ಮನುಷ್ಯ. ಎಲ್ಲರೂ ದೂರ ನಿಂತ ಮೇಲೆ ಮತ್ತೆ ಸ್ವಿಚ್ ಹಾಕಿ ನೋಡಿದರು. ಸರಳಿಗೆ ತಗುಲಿಸಿದರೆ ಟೆಸ್ಟರ್ ಉರಿಯಿತು. ಬಟ್ಟೆಯ ತಂತಿಯಲ್ಲೂ ಉರಿಯಿತು. ಲೂರ್ದಿತಾ ದಿನಾ ಒರಗಿ ನಿಲ್ಲುವ ಕಿಟಕಿಯ ಕಂಬಿಯಲ್ಲೂ ಉರಿಯಿತು.

"ಗೋಡೆಗೆ ಹಲ್ಲು ಬಂದಿದೆ ಕಣೋ," ಎಂದ ಸಿಲ್ವೆಸ್ತ್ರೆ. "ಮೇಕೆ ಮಾಂಸ ಏನ್ಮಾಡ್ತೀಯ?"

"ಹೂಳ್ತೀನಿ, ನೊಂಗ್."

ತೇರ್ಯೋ ಸ್ವಿಚ್ ಆರಿಸಿ, ಹಳೆಯ ತೂತಿನ ಗಾರೆ ಕೆತ್ತಿ, ಅದರ ಕೆಳಗಿನ ಬ್ಲಾಕಿಗೆ ಉಳಿ ಹೊಡೆದ. ಗೋಡೆಯಿಂದ ನೀರು ಧಾರೆಯಾಗಿ ಸುರಿಯಿತು. ನಿಲ್ಲಲೇ ಇಲ್ಲ. ತೂತು ಹೊರಗೆ ಮೇಲಕ್ಕೆ, ಒಳಗೆ ಕೆಳಕ್ಕೆ ವಾಲಿತ್ತು. ಪ್ರತಿ ಮಳೆಯೂ ಕೇಬಲ್ ಹಿಡಿದು ಪೊಳ್ಳಿನೊಳಗೆ ಇಳಿದಿತ್ತು. ನೀರಲ್ಲಿ ನೆನೆದ ಗಂಟಿನ ಟೇಪು ಲೋಳೆಯಂತೆ ಬೆರಳಿಗೆ ಅಂಟಿತು.

"ರಬ್ಬರ್ ಚಪ್ಪಲಿ ಇತ್ತು ನನ್ನ ಕಾಲಲ್ಲಿ," ಎಂದಳು ಲೂರ್ದಿತಾ, ಯಾರಿಗೆ ಎಂದಿಲ್ಲದೆ. "ಇಲ್ದಿದ್ರೆ..."

ತೇರ್ಯೋ ಆ ಗಂಟನ್ನೇ ನೋಡುತ್ತಿದ್ದ. ಇದ್ದಕ್ಕಿದ್ದಂತೆ ತಲೆ ಎತ್ತಿದ.

"ನೊಂಗ್, ನಿಮ್ಮನೆ ಪಂಪಿಂದೂ ನಾನೇ ಹಾಕಿದ್ದು."

ಸಿಲ್ವೆಸ್ತ್ರೆಯ ನಗು ಮುಖದಲ್ಲೇ ಇಂಗಿತು. "ಅಲ್ಲೂ ಗಂಟಿದೆಯಾ?"

"ಇದೆ."

ಆ ವಯಸ್ಸಾದ ಮನುಷ್ಯ ಬೇಲಿ ಹಾರಿದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ; ಅಂದು ಹಾರಿದ. ಅವನ ಹೆಂಡತಿ ಪಂಪಿನ ಗೋಡೆಗೆ ಬೆನ್ನು ಕೊಟ್ಟು, ಬರಿಗಾಲಲ್ಲಿ ಕೂತು ಮೀನು ತೊಳೆಯುತ್ತಿದ್ದಳು.

"ಏಳೇ. ಯಾವುದನ್ನೂ ಮುಟ್ಟಬೇಡ. ಸುಮ್ನೆ ಎದ್ದು ಬಾ."

ಅವಳಿಗೆ ಏನೂ ತಿಳಿಯದಿದ್ದರೂ ಗಂಡನ ಮುಖ ನೋಡಿ ಮೀನು ಬಿಟ್ಟು ಎದ್ದಳು. ಕರೆಂಟು ಆರಿಸಿ ಗಾರೆ ಒಡೆದಾಗ ಒಳಗಿನ ಗಂಟು ಒಣಗಿಯೇ ಇತ್ತು. ಆ ಗೋಡೆಗೆ ಮಳೆಯ ಎರಚಲು ತಾಗುತ್ತಿರಲಿಲ್ಲ, ಅಷ್ಟೇ. ತೇರ್ಯೋ ಬಯ್ಗುಳಕ್ಕೆ ಕಾದು ನಿಂತ. ಸಿಲ್ವೆಸ್ತ್ರೆ ಹೆಂಡತಿಯ ಕೈಯನ್ನು ಹಿಡಿದುಕೊಂಡು ಬಿಡಲು ಮರೆತವನಂತೆ ನಿಂತಿದ್ದ.

ಮರುದಿನ ಪಟ್ಟಣದಿಂದ ಎಲೆಕ್ಟ್ರಿಷಿಯನ್ ಬಂದ. ಹೊರಕ್ಕೆ ವಾಲುವಂತೆ ಹೊಸ ತೂತು, ಅದರಲ್ಲಿ ಪೈಪು, ಪೈಪಿನಲ್ಲಿ ಗಂಟಿಲ್ಲದ ಒಂದೇ ಕೇಬಲ್, ಮಣ್ಣಿಗೆ ಅರ್ಥಿಂಗ್ ತಂತಿ. ತೇರ್ಯೋ ಅವನ ಪಕ್ಕದಲ್ಲೇ ಕೂತು ಕೇಳಿದ್ದನ್ನೆಲ್ಲ ಎತ್ತಿಕೊಟ್ಟ. ಸಂಜೆ ಅವನನ್ನೇ ಕರೆದುಕೊಂಡು ಊರಾಚೆಯ ನಾದಿನಿಯ ಮನೆಗೆ ಹೊರಟ. ಅಲ್ಲಿಯ ಗೋಡೆಯನ್ನೂ ತೇರ್ಯೋನೇ ಕೊರೆದಿದ್ದ.