ಶ್ರಾವಣಕ್ಕೆ ಕಾದ ದೋಣಿ

ಜೆ.ಪಿ. ನಗರದ ಆಚೆ, ಪುಟ್ಟೇನಹಳ್ಳಿಯನ್ನೂ ದಾಟಿ ಹೋದರೆ ಒಂದು ಕೆರೆ ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಅಲ್ಲಿ ಬಣ್ಣಬಣ್ಣದ ಕಾರಂಜಿ ಹಾಕಿಸಲು ಹೊರಡುತ್ತಾರೆ. ಆ ಕೆರೆ ಏರಿಯ ಕೆಳಗೆ ಒಂದು ತಗಡಿನ ಶೆಡ್ಡಿದೆ, ಶೆಡ್ಡಿನಲ್ಲಿ ನಾಲ್ಕೈದು ಹಾಯಿದೋಣಿಗಳಿವೆ. ಅದೇ ನಮ್ಮ ಕ್ಲಬ್ಬು. ಸದಸ್ಯರು ಕೆಲವೇ ಮಂದಿ, ಅವರಲ್ಲಿ ಮಂಡಿನೋವಿಲ್ಲದವರು ಇನ್ನೂ ಕೆಲವೇ ಮಂದಿ. ನಾನು ಕಾರ್ಯದರ್ಶಿ. ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು, ಒಂಟಿ ಹೆಂಗಸು, ಭಾನುವಾರ ಮನೆಯಲ್ಲಿ ಕಾಯುವವರು ಯಾರೂ ಇಲ್ಲ ಎಂದು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದರು.

ಕ್ಲಬ್ಬು ಎಂದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಬಾರೂ ಇಲ್ಲ, ಸೋಫಾನೂ ಇಲ್ಲ. ಭಾನುವಾರ ಬೆಳಿಗ್ಗೆ ಬಂದು ಮೊದಲು ನೀರು ಮುಚ್ಚಿದ ಅಂತರಗಂಗೆ ಕಳೆ ಕಿತ್ತು ದಡಕ್ಕೆ ಎಸೆಯಬೇಕು, ಆಮೇಲೆ ದೋಣಿ. ಮೊದಲ ಮಳೆ ಬಿದ್ದ ಮಾರನೆಯ ದಿನ ಮೀನು ಸತ್ತು ತೇಲುತ್ತವೆ, ಆ ವಾರ ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಹಾಯಿ ಏರಿಸುವುದು. ವಾಕಿಂಗ್ ಬರುವವರು ಏರಿಯ ಮೇಲಿಂದ ಬಗ್ಗಿ, ಮೇಡಂ ಒಂದು ರೌಂಡಿಗೆ ಎಷ್ಟು ಎಂದು ಕೇಳುತ್ತಾರೆ. ಬಾಡಿಗೆಗಲ್ಲ ಎಂದರೆ, ಹಾಗಾದರೆ ಯಾಕೆ ಇಟ್ಟಿದ್ದೀರಿ ಎನ್ನುತ್ತಾರೆ.

ನಮಗೆ ನಿಜವಾದ ಕಾಲ ಒಂದೇ, ಆಷಾಢ. ಊರಿಗೆಲ್ಲ ಅದು ಶೂನ್ಯಮಾಸ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆ ತವರಿಗೆ, ಜಯನಗರ ಫೋರ್ತ್ ಬ್ಲಾಕಿನ ಅಂಗಡಿಗಳಲ್ಲಿ ಸೀರೆಗಳು ಅರ್ಧ ಬೆಲೆಗೆ. ಆದರೆ ಪಡುವಣ ಗಾಳಿ ಬೀಸುವುದು ಆಗಲೇ. ಬನಶಂಕರಿ ಕಡೆಯಿಂದ ಮೋಡಗಳನ್ನು ಅಟ್ಟಿಕೊಂಡು ಬಂದು, ಕೆರೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬೀಸುತ್ತದೆ. ಹನ್ನೊಂದು ತಿಂಗಳು ಕೆಸರು ಮೆತ್ತಿಕೊಂಡವರು ಆ ಒಂದು ತಿಂಗಳು ಹಾಯಿದೋಣಿಯವರಾಗುತ್ತೇವೆ. ಶ್ರಾವಣ ಕಾಲಿಟ್ಟರೆ ಗಾಳಿಯ ಸೊಂಟ ಮುರಿಯುತ್ತದೆ. ಬೆಳಿಗ್ಗೆಯಂತೂ ಇಲ್ಲವೇ ಇಲ್ಲ, ಮನಸ್ಸಾದರೆ ಮಧ್ಯಾಹ್ನ ಬರುತ್ತದೆ.

ನಮ್ಮ ಸದಸ್ಯರಲ್ಲಿ ಒಬ್ಬರು ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು, ಮನೆ ಇಟ್ಟಮಡುವಿನಲ್ಲಿ. ನಮ್ಮ ದೋಣಿಗಳೆಲ್ಲ ಚೆನ್ನೈಯಿಂದ ತಂದ ಫೈಬರಿನ ಹಳೆಯ ಮಾಲು. ಅವನ್ನು ಕಂಡರೆ ಮೇಷ್ಟ್ರಿಗೆ ಆಗದು, ಬಕೆಟ್ಟಿನಲ್ಲಿ ಕೂತ ಹಾಗಿರುತ್ತದೆ ಎನ್ನುತ್ತಿದ್ದರು. ಕೊನೆಗೆ ತಾವೇ ಮರದ ದೋಣಿ ಕಟ್ಟಲು ಕೂತರು. ಮನೆಯ ಮುಂದೆ ಪೋರ್ಟಿಕೋ ಇತ್ತು, ಕಾರಿರಲಿಲ್ಲ. ಮೂರು ವರ್ಷ ಅಲ್ಲಿ ಗರಗಸ, ಉಜ್ಜುಕಾಗದ, ಅಂಟಿನ ವಾಸನೆ. ಅವರ ಹೆಂಡತಿ ಬಂದವರಿಗೆಲ್ಲ ದೋಣಿಯನ್ನು ತೋರಿಸಿ, ಇವಳು ನನ್ನ ಸವತಿ, ಮೊದಲು ಇವಳನ್ನು ಮಾತಾಡಿಸಿ ಒಳಗೆ ಬನ್ನಿ ಎನ್ನುತ್ತಿದ್ದರು. ಮಳೆಗಾಲದಲ್ಲಿ ಸವತಿಯ ಹಾಯಿಕಂಬಕ್ಕೇ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದರು. ಮೇಷ್ಟ್ರು ಒಂದು ದಿನವೂ ಬೇಡ ಎನ್ನಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಮೇಷ್ಟ್ರಿಗೆ ಹೊಟ್ಟೆನೋವು ಶುರುವಾಯಿತು. ಗ್ಯಾಸು ಎಂದು ಜೀರಿಗೆ ಕಷಾಯ ಕುಡಿದರು. ಆಮೇಲೆ ಸ್ಕ್ಯಾನಾಯಿತು, ಆಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಇನ್ನೊಂದು ಸ್ಕ್ಯಾನು. ಕ್ಯಾನ್ಸರು ಲಿವರನ್ನು ಮುಟ್ಟಿಯಾಗಿತ್ತು. ಮಾಡುವಂಥದ್ದು ಏನಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ತುಮಕೂರಿನಿಂದ ಮಗಳು ಬಂದು ಒಂದು ವಾರ ಇದ್ದು ಅತ್ತು ಹೋದಳು. ಮೇಷ್ಟ್ರು ಮಾತ್ರ ಎದ್ದು ಕೂರಲು ಆಗುವಷ್ಟು ದಿನವೂ ಪೋರ್ಟಿಕೋದಲ್ಲಿ ಕೂತು ವಾರ್ನಿಶ್ ಹಚ್ಚಿದರು. ಜ್ಯೇಷ್ಠ ಮುಗಿಯುವುದರೊಳಗೆ ದೋಣಿಯೂ ಮುಗಿಯಿತು. ನನಗೆ ಫೋನು ಮಾಡಿ, ಈ ಭಾನುವಾರ ಬಿಡೋಣವಾ ಮೇಡಂ, ಗಾಳಿ ಶುರುವಾಗಿದೆ ಎಂದರು. ನಾನು ಆಗಲೇ ಲಗೇಜು ಟೆಂಪೋದವನಿಗೆ ಹೇಳಿಬಿಟ್ಟೆ.

ಶನಿವಾರ ಅವರ ಹೆಂಡತಿಯ ಫೋನು ಬಂತು. ಟೆಂಪೋ ಬೇಡ, ಆಷಾಢ ಬಂದುಬಿಟ್ಟಿದೆ, ಹೊಸ ದೋಣಿಯನ್ನು ಈ ತಿಂಗಳಲ್ಲಿ ನೀರಿಗೆ ಬಿಡುವುದು ಬೇಡ, ಶ್ರಾವಣದಲ್ಲಿ ಪೂಜೆ ಮಾಡಿಸಿ ಬಿಡೋಣ ಎಂದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾಯುತ್ತಿರುವ ಮನುಷ್ಯನಿಗೆ ಯಾವ ಶೂನ್ಯಮಾಸ? ಕ್ಲಬ್ಬಿನವರನ್ನು ಕೇಳಿದೆ. ಎಲ್ಲರೂ ಓದಿದವರು, ಇಂಜಿನಿಯರು, ಪ್ರೊಫೆಸರು. ಒಬ್ಬರಾದರೂ ನನ್ನ ಕಡೆ ನಿಲ್ಲುತ್ತಾರೆಂದುಕೊಂಡಿದ್ದೆ. ನಾವು ನಂಬುತ್ತೇವೆ ಅಂತಲ್ಲ, ಆದರೂ ಮನೆಯವರ ಮನಸ್ಸಿಗೆ ಬೇಡ ಅಂದಮೇಲೆ ಯಾಕೆ ಎಂದು ಒಬ್ಬೊಬ್ಬರೂ ನುಣುಚಿಕೊಂಡರು. ಇವರೆಲ್ಲ ಆಷಾಢದಲ್ಲೇ ರೇಸು ನಡೆಸುವವರು. ಹಳೆಯ ದೋಣಿಗೆ ದೋಷವಿಲ್ಲ, ಹೊಸದಕ್ಕೆ ಮಾತ್ರ ಇದೆಯಂತೆ.

ಮೇಷ್ಟ್ರನ್ನೇ ಕೇಳೋಣವೆಂದು ಹೋದೆ. ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದರು. ಕಣ್ಣು, ಉಗುರು ಎಲ್ಲ ಹಳದಿಯಾಗಿತ್ತು. ನೀವೇ ಒಂದು ಮಾತು ಗಟ್ಟಿಯಾಗಿ ಹೇಳಿ, ನಿಮ್ಮ ದೋಣಿ ಅಲ್ಲವೇ ಎಂದೆ.

"ಅವಳು ಕೇಳ್ತಿರೋದು ಒಂದು ತಿಂಗಳು ತಾನೇ ಮೇಡಂ," ಎಂದರು. "ಮೂರು ವರ್ಷ ಅಂಟಿನ ವಾಸನೆ ಕುಡಿದಿದ್ದಾಳೆ. ಇರ್ಲಿ ಬಿಡಿ."

ವಿಜ್ಞಾನದ ಮೇಷ್ಟ್ರ ಬಾಯಲ್ಲಿ ಈ ಮಾತು ಕೇಳಿ ಮೈಯೆಲ್ಲ ಉರಿಯಿತು. ಎದ್ದು ಸೀದಾ ಅಡುಗೆಮನೆಗೆ ಹೋದೆ. ಅವರ ಹೆಂಡತಿ ಗಂಜಿ ಸೋಸುತ್ತಿದ್ದರು. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂದು ನಿಮಗೆ ನಾನು ಹೇಳಿಕೊಡಬೇಕಾ, ಶ್ರಾವಣದಲ್ಲಿ ಗಾಳಿ ಇರುವುದಿಲ್ಲ, ಆಗ ಆ ದೋಣಿ ಇದ್ದೂ ಸತ್ತ ಹಾಗೆ ಎಂದೆ. ಸತ್ತ ಎನ್ನುವ ಮಾತು ಆ ಮನೆಯಲ್ಲಿ ಆಡಬಾರದಿತ್ತು, ಆಡಿಬಿಟ್ಟೆ. ಅವರು ಸೌಟು ಕೆಳಗಿಟ್ಟು, ನಡುಮನೆಯ ಬಾಗಿಲನ್ನು ಮುಂದೆ ಮಾಡಿ ಬಂದರು.

"ಆಷಾಢ ಗೀಷಾಢ ನಾನೇನು ಅಷ್ಟು ನೋಡೋಳಲ್ಲ ಇವ್ರೇ. ನಮ್ಮ ಮದುವೆ ಮಾತಾಡಿದ್ದೇ ಆಷಾಢದಲ್ಲಿ. ಅವರು ಈಗ ಬೆಳಿಗ್ಗೆ ಎದ್ದು ಒಂದು ಲೋಟ ಗಂಜಿ ಕುಡೀತಿರೋದು ಆ ದೋಣಿಗೋಸ್ಕರ. ನೀರಿಗೆ ಇಳಿದುಬಿಟ್ರೆ ಮಾರನೇ ದಿನ ಯಾತಕ್ಕೆ ಏಳ್ತಾರೆ, ಹೇಳಿ? ಶ್ರಾವಣದವರೆಗೆ ಅಂದ್ರೆ ಶ್ರಾವಣದವರೆಗಾದ್ರೂ ಇರ್ತಾರೆ."

ಅವರು ಅಳಲಿಲ್ಲ. ಮತ್ತೆ ಗಂಜಿ ಸೋಸಿದರು. ನನ್ನ ಸಿಟ್ಟು ಇಳಿಯಿತು ಎಂದರೆ ಸುಳ್ಳಾಗುತ್ತದೆ. ಇಳಿಯಲಿಲ್ಲ, ಆದರೆ ಯಾರ ಮೇಲೆ ಹಾಕುವುದೆಂದು ತಿಳಿಯದೆ ಹೋಯಿತು. ಕಾಫಿ ಕೊಟ್ಟರು, ಕುಡಿದು ಬಂದೆ.

ಆ ಆಷಾಢದಂಥ ಗಾಳಿ ಹತ್ತಾರು ವರ್ಷಗಳಲ್ಲಿ ನಾನು ಕಂಡಿರಲಿಲ್ಲ. ಶೆಡ್ಡಿನ ತಗಡು ಹಾರಿಹೋಗಿ ಪಕ್ಕದ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಬಿತ್ತು. ಅವರು ಬಂದು ಜಗಳ ಆಡಿದರು. ಗಾಳಿಗೆ ಅಂತರಗಂಗೆಯೆಲ್ಲ ಮೂಡಣ ದಡಕ್ಕೆ ಸರಿದು ನಡುಗೆರೆ ಖಾಲಿಯಾಗಿ, ನೀರು ಅಪರೂಪಕ್ಕೆ ನೀರಿನ ಬಣ್ಣದಲ್ಲಿತ್ತು. ಭಾನುವಾರ ಸಾಲದೆ ವಾರದ ನಡುವೆಯೂ ಹೋಗಿ ದೋಣಿ ಬಿಟ್ಟೆವು. ನನಗೆ ಅದರಲ್ಲಿ ಸುಖವಾಯಿತು, ಆದರೆ ಅದು ಕತ್ತಲಾಗುವವರೆಗೆ ಉಳಿಯುತ್ತಿರಲಿಲ್ಲ.

ಯಾಕೆಂದರೆ ಸಂಜೆ ಮೇಷ್ಟ್ರ ಫೋನು ಬರುತ್ತಿತ್ತು. ಇವತ್ತು ಗಾಳಿ ಹೇಗಿತ್ತು ಎಂಬುದೊಂದೇ ಪ್ರಶ್ನೆ. ಮೊದಮೊದಲು ಇದ್ದದ್ದನ್ನು ಹೇಳಿದೆ. ಆಮೇಲೆ ಕೇಳುವವರ ಉಸಿರು ಫೋನಿನಲ್ಲೇ ಬದಲಾಗುವುದು ಗೊತ್ತಾಗಿ, ಅಂಥದ್ದೇನಿಲ್ಲ ಮೇಷ್ಟ್ರೇ, ಸುಮಾರು ಎನ್ನತೊಡಗಿದೆ. ಒಂದು ದಿನ ಅವರು ಸಣ್ಣಗೆ ನಕ್ಕರು.

"ಇಲ್ಲಿ ನನ್ನ ಕಿಟಕಿ ಬಡ್ಕೊತಾ ಇದೆ, ಪಕ್ಕದ ಮನೆ ತೆಂಗಿನಮರ ನೆಲಕ್ಕೆ ಬಗ್ತಾ ಇದೆ. ನನ್ನ ಹತ್ರ ಯಾಕೆ ಮೇಡಂ ಸುಳ್ಳು?"

ಅವತ್ತಿನಿಂದ ನಾನು ನಿಜವನ್ನೇ ಹೇಳಿದೆ, ಅವರು ಕೇಳಿಸಿಕೊಂಡರು. ದಿನ ದಿನಕ್ಕೆ ದನಿ ಇಳಿಯುತ್ತಿತ್ತು. ಒಂದು ವಾರ ಫೋನೇ ಬರಲಿಲ್ಲ. ಆಸ್ಪತ್ರೆಗೆ ಹಾಕಿ ಹೊಟ್ಟೆಯ ನೀರು ತೆಗೆಸಿ ಕರೆತಂದರೆಂದು ಆಮೇಲೆ ತಿಳಿಯಿತು.

ಹೆಂಡತಿಯ ಲೆಕ್ಕ ತಪ್ಪಲಿಲ್ಲ. ಭೀಮನ ಅಮಾವಾಸ್ಯೆ ಕಳೆಯಿತು, ಶ್ರಾವಣ ಬಂತು, ಮೇಷ್ಟ್ರು ಇದ್ದರು. ಅವರನ್ನು ನೋಡಿದವರು ಇದ್ದಾರೆ ಎನ್ನಲು ಹಿಂಜರಿಯುತ್ತಿದ್ದರು, ಅಷ್ಟೆ. ಎರಡನೆಯ ಶ್ರಾವಣ ಶನಿವಾರ ಬೆಳಿಗ್ಗೆ ಮುಹೂರ್ತ ಇಟ್ಟುಕೊಟ್ಟರು ಪುರೋಹಿತರು. ಮಧ್ಯಾಹ್ನ ಇಡಲಾಗುವುದಿಲ್ಲವೇ ಎಂದು ನಾನು ಕೇಳಿದೆ. ಒಂಬತ್ತಕ್ಕೆ ರಾಹುಕಾಲ, ಮಧ್ಯಾಹ್ನ ಯಮಗಂಡ, ಅದೂ ಮುಗಿಯುವಷ್ಟು ಹೊತ್ತು ರೋಗಿ ಕೂತಿರುತ್ತಾರಾ ಎಂದರು.

ದೋಣಿ ಟೆಂಪೋದಲ್ಲಿ ಬಂತು, ಮೇಷ್ಟ್ರು ಮಗಳ ಕಾರಿನಲ್ಲಿ ಬಂದರು. ದೋಣಿಯ ಮೂತಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ, ಕೆಳಗೆ ನಿಂಬೆಹಣ್ಣು. ಪೂಜೆಯಾಗಿ, ತೆಂಗಿನಕಾಯಿ ಒಡೆದು, ಪ್ರಸಾದ ಹಂಚಿದರು. ವಾಕಿಂಗಿನವರು ಬಂದು ಅವರೂ ಕೈಚಾಚಿ ಪ್ರಸಾದ ತೆಗೆದುಕೊಂಡರು. ನಾನು ಅಪಾರ್ಟ್‌ಮೆಂಟಿನ ಬಾಲ್ಕನಿಗಳನ್ನೇ ನೋಡುತ್ತಿದ್ದೆ. ಒಣಹಾಕಿದ ಒಂದು ಟವೆಲ್ಲೂ ಅಲುಗುತ್ತಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಮೇಷ್ಟ್ರನ್ನು ನೀರಿನವರೆಗೆ ಎತ್ತಿಕೊಂಡು ಹೋದರು. ದೋಣಿಯಲ್ಲಿ ಅವರ ಜೊತೆ ನಾನು ಕೂತೆ. ಬೆನ್ನಿಗೆ ದಿಂಬು ಕೊಟ್ಟು, ಚುಕ್ಕಾಣಿಯ ಹಿಡಿ ಅವರ ಕೈಗೆ ಕೊಟ್ಟೆ. ದೋಣಿ ಒಂದಿಷ್ಟೂ ವಾಲದೆ ನೀರಿನ ಮೇಲೆ ಕೂತಿತು, ಒಂದು ತೊಟ್ಟೂ ಒಳಗೆ ಬರಲಿಲ್ಲ. ಮೇಷ್ಟ್ರು ಬಗ್ಗಿ ತಳವನ್ನು ಮುಟ್ಟಿ ನೋಡಿ ಬೆರಳನ್ನು ನನಗೆ ತೋರಿಸಿದರು. ಬೆರಳು ಒಣಗಿತ್ತು. ಆ ಒಂದು ಗಳಿಗೆ ಅವರ ಮುಖದಲ್ಲಿ ಸಂತೋಷ ಕಂಡೆ.

ಹಾಯಿ ಏರಿಸಿದೆವು. ಅದು ಒಣಹಾಕಿದ ಪಂಚೆಯ ಹಾಗೆ ನೇತುಬಿತ್ತು. ಸ್ವಲ್ಪ ಹೊತ್ತು ಕಾದೆವು. ದಡದಲ್ಲಿ ಹೆಂಡತಿ, ಮಗಳು, ಪುರೋಹಿತರು, ಎಲ್ಲರೂ ನೋಡುತ್ತಿದ್ದಾರೆ. ಕೊನೆಗೆ, ದೋಣಿ ಹಿಡಿದು ನೀರಿನಲ್ಲೇ ನಿಂತಿದ್ದ ಕ್ಲಬ್ಬಿನ ಇಬ್ಬರು ಎದೆಮಟ್ಟಕ್ಕಿಳಿದು, ದಡಕ್ಕೆ ಕಾಣದಂತೆ ಆ ಬದಿಯಲ್ಲಿ ನಿಂತು, ಅಂತರಗಂಗೆ ಸರಿಸುತ್ತಾ ದೋಣಿಯನ್ನು ತಳ್ಳಿಕೊಂಡು ಹೋದರು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿರಲಿಲ್ಲ.

ಎಡಕ್ಕೆ ತಿರುಗಿಸಲಾ ಎಂದು ಮೇಷ್ಟ್ರು ಕೇಳಿದರು. ತಿರುಗಿಸಿ ಎಂದೆ. ಇದ್ದಬದ್ದ ಶಕ್ತಿಯೆಲ್ಲ ಹಾಕಿ ಹಿಡಿಯನ್ನು ದೂಡಿದರು. ದೋಣಿ ತಿರುಗಲಿಲ್ಲ. ತನ್ನ ವೇಗದಲ್ಲಿ ತಾನು ಓಡದ ದೋಣಿಗೆ ಚುಕ್ಕಾಣಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅದು ನನಗೂ ಗೊತ್ತು, ಮಕ್ಕಳಿಗೆ ವಿಜ್ಞಾನ ಕಲಿಸಿದ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಇನ್ನೊಂದು ಸಲ, ಬಲಕ್ಕಾದರೂ ತಿರುಗಲೆಂದು, ದೂಡಿ ನೋಡಿದರು. ನೀರಿನಲ್ಲಿದ್ದವರಿಗೆ ಅರ್ಥವಾಗಿ ದೋಣಿಯ ಮೂತಿಯನ್ನು ಕೈಯಲ್ಲೇ ಬಲಕ್ಕೆ ತಿರುಗಿಸಿದರು. ಆಗ ಮೇಷ್ಟ್ರು ಹಿಡಿಯನ್ನು ಬಿಟ್ಟುಬಿಟ್ಟರು.

"ಸಾಕು ಮೇಡಂ," ಎಂದರು. "ವಾಪಸ್ ಹೋಗೋಣ. ಅವಳು ನಿಂತಿದ್ದಾಳೆ."

ದಡದ ಕಡೆ ಕೈಯೆತ್ತಿ ಬೀಸಿದರು. ಹೆಂಡತಿಯೂ ಕೈ ಬೀಸಿದರು. ಅವರ ಕಾರು ಹೋಗಿ, ನಾವು ತಿಂಡಿ ತಿಂದು, ಹಾಯಿ ಮಡಿಸುವ ಹೊತ್ತಿಗೆ ಗಾಳಿ ಎದ್ದಿತು. ಅಷ್ಟೇನೂ ಜೋರಲ್ಲ, ಅವರಿಗೆ ಸಾಕಾಗುವಷ್ಟು ಇತ್ತು. ನಾನು ಹಾಯಿಯನ್ನು ಚೀಲಕ್ಕೆ ತುಂಬಿ ಮನೆಗೆ ಬಂದೆ.

ಮೇಷ್ಟ್ರು ಗೌರಿಹಬ್ಬ ನೋಡಲಿಲ್ಲ. ಕ್ಲಬ್ಬಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ಮೌನಾಚರಣೆ ಮುಗಿದ ಕೂಡಲೇ ಅಂತರಗಂಗೆ ತೆಗೆಸಲು ಯಾರು ಅರ್ಜಿ ಕೊಡುವುದೆಂದು ಜಗಳ ಹತ್ತಿತು. ಒಬ್ಬರು ಎದ್ದು, ಮೇಷ್ಟ್ರು ಕೊನೆಗೂ ತಮ್ಮ ದೋಣಿಯನ್ನು ತಾವೇ ಓಡಿಸಿದರು, ಅವರ ಆಸೆ ಪೂರೈಸಿತು ಎಂದು ಭಾಷಣ ಮಾಡಿದರು. ಆ ದಿನ ನೀರಿಗಿಳಿದು ತಳ್ಳಿದವರಲ್ಲಿ ಅವರೂ ಒಬ್ಬರು.

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಒಂದು ಮಧ್ಯಾಹ್ನ ಇಟ್ಟಮಡುವಿಗೆ ಹೋದೆ. ಶೆಡ್ಡಿನಲ್ಲಿರುವ ದೋಣಿಯನ್ನು ಏನು ಮಾಡುವುದೆಂದು ಕೇಳಬೇಕಿತ್ತು. ಅವರ ಹೆಂಡತಿ ನಡುಮನೆಯಲ್ಲಿ ಕೂತು ಮೇಷ್ಟ್ರ ಅಂಗಿಗಳನ್ನು ಯಾರಿಗೋ ಕೊಡಲೆಂದು ಮಡಿಸುತ್ತಿದ್ದರು. ದೋಣಿ ಕ್ಲಬ್ಬಿನಲ್ಲೇ ಇರಲಿ ಎಂದರು. ಆಮೇಲೆ ತಲೆಯೆತ್ತದೆ ಕೇಳಿದರು.

"ನಿಜ ಹೇಳಿ ಇವ್ರೇ. ಅವತ್ತು ಅದು ಗಾಳಿಗೆ ಹೋಯ್ತಾ, ನೀವು ತಳ್ಳಿದ್ರಾ?"

ತಳ್ಳಿದೆವು ಎಂದೆ.

ಅವರು ಕೈಯಲ್ಲಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ, ಮಡಿಸಿ, ಪಕ್ಕಕ್ಕಿಟ್ಟರು.

"ಮನೆಗೆ ಬಂದ್ಮೇಲೆ ಹೇಗಿತ್ತು ಅಂತ ಕೇಳ್ದೆ. ತುಂಬ ಚೆನ್ನಾಗಿ ಹೋಯ್ತು ಕಣೇ ಅಂದ್ರು." ಇನ್ನೊಂದು ಅಂಗಿ ಎತ್ತಿಕೊಂಡರು. "ಆ ಒಂದು ತಿಂಗಳು ನನಗೆ ಸಿಕ್ತು. ಅವರಿಗೆ ಏನೂ ಸಿಗ್ಲಿಲ್ಲ."

ಹಾಗಲ್ಲ ಎನ್ನಲು ಬಾಯಿ ತೆರೆದೆ. ಹಾಗಲ್ಲ ಎಂದು ನನಗೇ ಅನ್ನಿಸದಿರುವಾಗ ಅವರಿಗೆ ಹೇಗೆ ಹೇಳಲಿ? ಅವರ ಎದುರಿಗೆ ಕೂತು, ರಾಶಿಯಿಂದ ಒಂದು ಅಂಗಿ ತೆಗೆದುಕೊಂಡು ನಾನೂ ಮಡಿಸಿದೆ.